ತೋರಿಸಿದ ಕೈಗೆ ಮೊದಲ ಮೀನು

ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ದೋಣಿ ತುಂಬಿ ಬಂದ ದಿನ ಮೊದಲ ಬುಟ್ಟಿಯಿಂದ ಎಲ್ಲಕ್ಕಿಂತ ದೊಡ್ಡ ಬಂಗುಡೆಯನ್ನು ಆರಿಸಿ, ಇಡಿಯಾಗಿ ಹುರಿದು, ಕಡಲಿನಲ್ಲಿ ಹಿಂಡು ಎಲ್ಲಿದೆ ಎಂದು ತೋರಿಸಿದವರ ತಟ್ಟೆಗೆ ಹಾಕಬೇಕು. ಉಳಿದವರಿಗೆ ತುಂಡು. ತೋರಿಸಿದವರಿಗೆ ಮಾತ್ರ ತಲೆ ಬಾಲ ಸಮೇತ ಇಡೀ ಮೀನು. ‘ತೋರಿಸಿದ ಕೈಗೆ ಮೊದಲ ಮೀನು’ ಎನ್ನುವುದು ಮಾವನವರ ಅಪ್ಪನ ಕಾಲದಿಂದ ಬಂದ ಮಾತು. ಬೇರೆ ಮನೆಗಳಲ್ಲಿ ಜಾಗಕ್ಕೆ, ಒಡವೆಗೆ ಜಗಳವಾಗುತ್ತದೆ. ಇಲ್ಲಿ ಗೇಣುದ್ದದ ಒಂದು ಮೀನಿಗಾಯಿತು ಎಂದರೆ ನೀವು ನಗುತ್ತೀರಿ. ನಗಿ. ಹದಿನೆಂಟು ವರ್ಷ ನಿಮ್ಮ ಗಂಡನ ತಟ್ಟೆಗೇ ಬೀಳುತ್ತಿದ್ದ ಮೀನು ಒಂದು ಮಧ್ಯಾಹ್ನ ನಿಮ್ಮ ವಾರಗಿತ್ತಿಯ ತಟ್ಟೆಗೆ ಬಿದ್ದಿದ್ದರೆ ನಿಮಗೂ ಗೊತ್ತಾಗುತ್ತಿತ್ತು.

ಹದಿನೆಂಟು ವರ್ಷ ಅದನ್ನು ಉಂಡವನು ಮನೆಯ ಹಿರಿಯ ಮಗ. ಬಂದರಿನಲ್ಲಿ ಅವನನ್ನು ಕರೆಯುವುದೇ ಹದ್ದು ಎಂದು. ದೋಣಿಯ ಮೂತಿಯ ಮೇಲೆ ನಿಂತು, ನೀರಿನ ಬಣ್ಣ ನೋಡಿ, ಹಕ್ಕಿಗಳು ಎರಗುವ ಜಾಗ ನೋಡಿ, ಅವನು ‘ಅಲ್ಲಿ’ ಎಂದು ಬೆರಳು ಚಾಚಿದರೆ ಅಕ್ಕಪಕ್ಕದ ಐದು ದೋಣಿಗಳೂ ಅತ್ತ ತಿರುಗುತ್ತಿದ್ದವು. ಊಟಕ್ಕೆ ಕೂತಾಗ ಅವನು ಆ ಮೀನನ್ನು ನಡುವೆ ಮುರಿದು, ಎಲ್ಲರೆದುರಿಗೇ ಅರ್ಧವನ್ನು ಹೆಂಡತಿಯ ತಟ್ಟೆಗೆ ಹಾಕುತ್ತಿದ್ದ. ಮದುವೆಯಾದ ಹೊಸತರಲ್ಲಿ ದೊಡ್ಡ ಸೊಸೆಗೆ ನಾಚಿಕೆಯಾಗುತ್ತಿತ್ತು. ಆಮೇಲೆ ಅದು ರೂಢಿಯಾಯಿತು. ಅದಾದ ಮೇಲೆ ಹಕ್ಕಾಯಿತು.

ಬಂಗುಡೆ ಊರಿನ ಮೀನಲ್ಲ, ದಾರಿಹೋಕ ಮೀನು. ವರ್ಷಕ್ಕೊಮ್ಮೆ, ಹೆಚ್ಚುಕಡಿಮೆ ಅದೇ ವಾರ, ದಕ್ಷಿಣದಿಂದ ಹಿಂಡುಹಿಂಡಾಗಿ ಬಂದು ಬೋಳುಬಂಡೆಯ ಪಕ್ಕದಲ್ಲಿ ಬೀಡುಬಿಟ್ಟು, ಎರಡು ತಿಂಗಳಿದ್ದು ಉತ್ತರಕ್ಕೆ ಹೋಗುತ್ತಿತ್ತು. ಈ ವರ್ಷ ಆ ನೆಂಟರು ಬರಲಿಲ್ಲ. ಮೊದಲ ವಾರ ‘ತಡವಾಗಿದೆ’ ಎಂದರು. ಎರಡನೆಯ ವಾರ ಗಾಳಿಯನ್ನು ಬೈದರು. ನಾಲ್ಕನೆಯ ವಾರದ ಹೊತ್ತಿಗೆ ದೊಡ್ಡ ಸೊಸೆ ಗಂಜಿಗೆ ಅಕ್ಕಿ ಕಡಿಮೆ ಮಾಡಿ ನೀರು ಜಾಸ್ತಿ ಮಾಡಿದಳು. ಅದನ್ನು ಎಲ್ಲರೂ ನೋಡಿದರು, ನೋಡಿಕೊಂಡೇ ಕುಡಿದರು.

“ಹಕ್ಕಿ ಇತ್ತಾ?” ಎಂದು ಕೇಳಿದರು ಮಾವ. ದೋಣಿಯ ಹಳೆಯ ಯಜಮಾನ ಅವರೇ. ಮೊಣಕಾಲು ಕೈಕೊಟ್ಟ ಮೇಲೆ ಮುಂಬಾಗಿಲಲ್ಲಿ ಕೂತು ಬಲೆಯ ತೂತು ಮುಚ್ಚುವುದು ಅವರ ಕೆಲಸ.

“ಇತ್ತಪ್ಪ,” ಎಂದ ಹದ್ದು.

“ನೀರಿನ ಬಣ್ಣ?”

“ಸರಿಯಾಗೇ ಇತ್ತು. ಬಲೆ ಹಾಕಿದ್ವಿ. ಮೀನಿಗಿಂತ ಪಾಚಿ ಜಾಸ್ತಿ ಬಂತು.”

“ಹಾಗಾದ್ರೆ ನಿನ್ನ ಕಣ್ಣು...”

“ಅವರ ಕಣ್ಣಿಗೇನೂ ಆಗಿಲ್ಲ ಮಾವ,” ಎಂದು ದೊಡ್ಡ ಸೊಸೆ ಸೌಟು ಹಿಡಿದುಕೊಂಡೇ ಬಂದಳು. “ಮೊನ್ನೆ ನನ್ನ ತಲೇಲಿ ಒಂದೇ ಒಂದು ಬಿಳಿ ಕೂದಲು ಹುಡುಕಿ ತೆಗೆದ್ರು. ಅದೂ ದೀಪ ಇಲ್ಲದೆ.”

ಎಲ್ಲರೂ ನಕ್ಕರು. ಆ ನಗು ಮುಗಿಯುವ ಮೊದಲೇ ಚಿಕ್ಕ ಸೊಸೆ ಬಾಯಿ ತೆರೆದಳು. “ಭಾವನ ಕಣ್ಣಿನ ತಪ್ಪಲ್ಲ ಮಾವ. ಕಡಲಿನ ತಪ್ಪು. ಮೇಲಿನ ನೀರು ಈ ಸಲ ಸ್ನಾನದ ನೀರಾಗಿದೆ. ಬಂಗುಡೆಗೆ ತಣ್ಣಗಿರಬೇಕು. ತಣ್ಣಗಿರೋ ಕಡೆ ಹೋಗಿ ಕೂತಿರುತ್ತೆ, ಇಲ್ಲಾಂದ್ರೆ ಆಳಕ್ಕೆ ಇಳಿದಿರುತ್ತೆ. ಕಣ್ಣಿಗೆ ಕಾಣೋದು ಹೇಗೆ?”

ಈ ಚಿಕ್ಕ ಸೊಸೆ ಮನೆಗೆ ಬಂದು ಮೂರು ವರ್ಷ. ಅವಳ ಗಂಡ ಅದೇ ದೋಣಿಯ ಎಂಜಿನ್ ನೋಡಿಕೊಳ್ಳುವ ಕಿರಿಯ ಮಗ. ಅವಳು ಬಂದರಿನ ಐಸ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಗಂಟೆಗೊಮ್ಮೆ ಉಪ್ಪುನೀರಿನ ತೊಟ್ಟಿಗಳಿಗೆ ಥರ್ಮಾಮೀಟರ್ ಅದ್ದಿ ಎಷ್ಟು ತಣ್ಣಗಿದೆ ಎಂದು ಬರೆದಿಡುವುದು ಅವಳ ಪಾಳಿಯ ಕೆಲಸ. ಬಂದರಿನವರು ಇಟ್ಟ ಹೆಸರು ಐಸಮ್ಮ. ಹೆಸರು ಕೇಳಿದರೆ ಅವಳು ಸಿಟ್ಟಾಗುತ್ತಿರಲಿಲ್ಲ, ನಗುತ್ತಿದ್ದಳು. ದೊಡ್ಡ ಸೊಸೆಗೆ ಅದೂ ಇಷ್ಟವಾಗುತ್ತಿರಲಿಲ್ಲ.

ಮರುದಿನ ಐಸಮ್ಮ, ಕಾರ್ಖಾನೆಯವರು ಬೇಡವೆಂದು ಎಸೆದಿದ್ದ ಒಂದು ಹಳೆಯ ಥರ್ಮಾಮೀಟರ್ ತಂದಳು. ಅಂಕಿಗಳನ್ನು ಕೊರೆದ ಚಿಕ್ಕ ಹಲಗೆ. ಅದಕ್ಕೆ ಎರಡು ಕಡೆ ತಂತಿಯಿಂದ ಬಿಗಿದ ಗಾಜಿನ ಕಡ್ಡಿ. ಕಡ್ಡಿಯೊಳಗೆ ಕೆಂಪು ಗೆರೆ. ಕಡಲಿನಲ್ಲಿ ಬಕೆಟ್ಟಿನಿಂದ ನೀರೆತ್ತಿ ಅದರಲ್ಲಿ ಕಡ್ಡಿ ಇಟ್ಟು, ಎಲ್ಲಿ ಎಷ್ಟು, ಎಲ್ಲಿ ಎಷ್ಟು ಮೀನು ಎಂದು ಬರೆದುಕೊಂಡು ಬರಲು ಗಂಡನಿಗೆ ಹೇಳಿದಳು. ಮಾವ ಹಲ್ಲಿಲ್ಲದ ಬಾಯಲ್ಲಿ ನಕ್ಕಿದ್ದೇ ನಕ್ಕಿದ್ದು. “ನೋಡೇ, ನಿನ್ನ ಸೊಸೆ ಕಡಲಿನ ಕಂಕುಳಿಗೆ ಜ್ವರದ ಕಡ್ಡಿ ಇಡ್ತಾಳಂತೆ!”

“ಇಡಲಿ ಬಿಡಿ,” ಎಂದರು ಅತ್ತೆ. “ಜ್ವರ ಬಂದಿರೋದಂತೂ ನಿಜ.”

ಮೂರು ವಾರ ಅವಳ ನೋಟ್‌ಬುಕ್ಕಿನಲ್ಲಿ ಅಂಕಿಗಳು ಸೇರಿದವು. ಬೋಳುಬಂಡೆಯ ಹತ್ತಿರ ಮೂವತ್ತೊಂದು, ಮೀನಿಲ್ಲ. ಅದರಾಚೆ ಮೂವತ್ತು, ಮೀನಿಲ್ಲ. ದೀಪಸ್ತಂಭದಿಂದ ಮುಂದೆ ಇಪ್ಪತ್ತೆಂಟು, ಅರ್ಧ ಬುಟ್ಟಿ. ಐಸಮ್ಮ ಪೆನ್ಸಿಲ್ಲಿನಿಂದ ಇಪ್ಪತ್ತೆಂಟರ ಸುತ್ತ ಒಂದು ಸೊನ್ನೆ ಸುತ್ತಿದಳು. “ಮಧ್ಯೆ ಎಲ್ಲೂ ನಿಲ್ಲಬೇಡಿ ಭಾವ. ಇಪ್ಪತ್ತೆಂಟು ಬರೋವರೆಗೂ ಹೋಗಿ. ಬಂದ ಕಡೆ ಬಲೆಯನ್ನ ಆಳಕ್ಕೆ ಬಿಡಿ.”

ಹದ್ದು ಹೋದ, ಬಲೆ ಬಿಟ್ಟ, ತುಂಬಿಕೊಂಡು ಬಂದ.

ಆ ಮಧ್ಯಾಹ್ನವೇ ಆ ಮೀನು ಬಿದ್ದದ್ದು. ದೊಡ್ಡ ಸೊಸೆಯೇ ಆರಿಸಿದ್ದಳು, ಅವಳೇ ಹುರಿದಿದ್ದಳು. ತಟ್ಟೆಗೆ ಹಾಕುವುದು ಅತ್ತೆಯ ಕೆಲಸ. ಅತ್ತೆ ಬಾಣಲೆ ಹಿಡಿದು ಹದ್ದಿನ ತಟ್ಟೆಯ ಮುಂದೆ ಒಂದು ಗಳಿಗೆ ನಿಂತರು. ಹದ್ದು ತಾನೇ ಕೈ ಅಡ್ಡ ಹಿಡಿದ. “ನಾನಲ್ಲಮ್ಮ ತೋರಿಸಿದ್ದು. ಅವಳು.”

ಮೀನು ಐಸಮ್ಮನ ತಟ್ಟೆಗೆ ಹೋಯಿತು. ಅವಳು ಕೆಂಪಾದಳು, ಬೇಡ ಎಂದಳು, ಆಮೇಲೆ ನಡುವೆ ಮುರಿದಳು. ಮುರಿದ ಅರ್ಧವನ್ನು ಪಕ್ಕದಲ್ಲಿ ಕೂತಿದ್ದ ದೊಡ್ಡ ಸೊಸೆಯ ಮಗಳ ತಟ್ಟೆಗೆ ಹಾಕಿದಳು. ಹದಿನಾಲ್ಕರ ಹುಡುಗಿ “ಥ್ಯಾಂಕ್ಸ್ ಚಿಕ್ಕಮ್ಮ!” ಎಂದು ಬಾಯಿಗಿಟ್ಟುಕೊಂಡೇಬಿಟ್ಟಳು. ದೊಡ್ಡ ಸೊಸೆ ತನ್ನ ಪಾಲಿನ ಬಾಲದ ತುಂಡನ್ನು ನೋಡಿದಳು. ಹೊಟ್ಟೆಯಲ್ಲಿ ಒಂದು ಕಿಚ್ಚು ಹತ್ತಿತು. ಇದಕ್ಕೆ ಬೇರೆ ಹೆಸರು ಹುಡುಕುವುದು ಬೇಡ, ಹೊಟ್ಟೆಕಿಚ್ಚೇ.

ಅಲ್ಲಿಂದ ಮುಂದೆ ಅವಳ ಕಣ್ಣಿಗೆ ಬಿದ್ದದ್ದೆಲ್ಲ ಆ ಕಿಚ್ಚಿಗೆ ಸೌದೆಯಾಯಿತು. ಬೀದಿಯ ನಲ್ಲಿಯಲ್ಲಿ ಕೊಡ ಇಟ್ಟರೆ ಎದುರುಮನೆಯ ದರ್ಜಿಯ ಹೆಂಡತಿ, “ಏನಮ್ಮಾ, ನಿಮ್ಮನೆ ಐಸಮ್ಮ ನಾಳೆ ದೋಣಿಯವರನ್ನ ಎಲ್ಲಿಗೆ ಹೋಗಿ ಅಂತಾಳೆ?” ಎಂದು ಕೇಳುತ್ತಿದ್ದಳು. ಮುಂಚೆ ಇದೇ ಬಾಯಿ, ‘ನಿಮ್ಮ ಯಜಮಾನರು ಎಲ್ಲಿಗೆ ಹೋಗು ಅಂತಾರೆ’ ಎನ್ನುತ್ತಿತ್ತು. ಮಗಳು ಶಾಲೆಯಿಂದ ಬಂದು ಸೀದಾ ಚಿಕ್ಕಮ್ಮನ ನೋಟ್‌ಬುಕ್ ಬಿಚ್ಚಿ ಗೆರೆ ಎಳೆಯುತ್ತ ಕೂರುತ್ತಿದ್ದಳು.

“ಪಾತ್ರೆ ಯಾರೇ ತೊಳೀತಾರೆ?” ಎಂದಳು ದೊಡ್ಡ ಸೊಸೆ.

“ಅಮ್ಮಾ, ಒಂದು ನಿಮಿಷ. ಈ ವಾರದ್ದು ಚಿತ್ರ ಮಾಡ್ತಿದ್ದೀನಿ.”

“ಚಿತ್ರದಲ್ಲಿ ಅನ್ನ ಬಡಿಸ್ತೀನಿ, ತಿನ್ನು.”

“ಅಕ್ಕಾ, ಬಿಡಿ, ನಾನು ತೊಳೀತೀನಿ,” ಎಂದು ಐಸಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು. ಎಂಟು ಗಂಟೆ ಕಾರ್ಖಾನೆಯಲ್ಲಿ ನಿಂತು ಬಂದವಳು. ಅತ್ತೆ ಅದನ್ನೂ ನೋಡಿ, “ಪಾಪ, ಇವಳು ಎಷ್ಟಕ್ಕಂತ ಆಗ್ತಾಳೆ,” ಎಂದರು. ಹದಿನೆಂಟು ವರ್ಷದಲ್ಲಿ ಆ ‘ಪಾಪ’ ಒಂದು ಸಲವೂ ಈ ಕಡೆ ಬಂದಿರಲಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ; ತನ್ನ ಕಾಲ ಬರುವ ಹೊತ್ತಿಗೆ ಸರಿಯಾಗಿ ಇನ್ನೊಬ್ಬ ಸೊಸೆ ಬಂದು ಅದನ್ನು ಎತ್ತಿಕೊಂಡಳು ಎಂದು ದೊಡ್ಡ ಸೊಸೆಗೆ ಖಚಿತವಾಯಿತು.

ಇಷ್ಟನ್ನೂ ಅವಳು ಸಹಿಸಿಕೊಂಡಾಳು. ಸಹಿಸಲಾಗದ್ದು ಬುತ್ತಿ ಕೊಡಲು ಬಂದರಿಗೆ ಹೋದ ಬೆಳಿಗ್ಗೆ ಕಂಡಿತು. ಹದ್ದು ದೋಣಿಯ ಮೂತಿಯಲ್ಲಿ ನಿಂತಿರಲಿಲ್ಲ. ಹಗ್ಗ ಕಟ್ಟಿದ ಬಕೆಟ್ಟನ್ನು ನೀರಿಗೆ ಇಳಿಸಿ, ಎತ್ತಿ, ನೆಲ ಒರೆಸುವವನ ಹಾಗೆ ಬಗ್ಗಿ ಅದರೊಳಗೆ ಕಡ್ಡಿ ಹಿಡಿದುಕೊಂಡು ಕೂತಿದ್ದ. ಪಕ್ಕದ ದೋಣಿಯವನೊಬ್ಬ ಕೂಗಿದ: “ಏನೋ ಹದ್ದೇ, ಡೆಕ್ ತೊಳೆಯೋ ಕೆಲಸ ಸಿಕ್ತಾ?” ಹದ್ದು ತಲೆಯೆತ್ತಿ ನಕ್ಕ. ಅವನಿಗೆ ನೋವಾದ ಹಾಗೇ ಕಾಣಲಿಲ್ಲ. ನೋವೆಲ್ಲ ದಂಡೆಯ ಮೇಲೆ ಬುತ್ತಿ ಹಿಡಿದು ನಿಂತವಳದ್ದು.

ಸಂಜೆ ಅವಳು ಬಟ್ಟೆ ಮಡಚುತ್ತ ಕೇಳಿದಳು, “ನಿಮಗೆ ನಾಚಿಕೆ ಆಗಲ್ವೇನ್ರೀ?”

“ಯಾಕೆ?”

“ಐದು ದೋಣಿ ನಿಮ್ಮ ಬೆರಳು ನೋಡ್ತಿದ್ವು.”

“ಈಗಲೂ ನಮ್ಮ ದೋಣಿ ಹಿಂದೇನೇ ಬರ್ತವೆ. ಬೆರಳಾದ್ರೇನು, ಕಡ್ಡಿಯಾದ್ರೇನು? ಅಕ್ಕಿ ಡಬ್ಬ ತುಂಬಿದೆಯೋ ಇಲ್ವೋ?”

“ತುಂಬಿದೆ. ಅದನ್ನ ಅಳೆಯೋಕೂ ಅವಳ ಕೈಗೇ ಕೊಡಿ.”

“ನಿನಗೆ ಏನಾಗಿದೆ?” ಎಂದ ಹದ್ದು, ನಿಜವಾಗಿಯೂ ಗೊತ್ತಿಲ್ಲದವನ ಹಾಗೆ. ಮೈಲಿ ದೂರದ ಮೀನು ಕಾಣುವ ಗಂಡಸಿಗೆ ಮೊಳ ದೂರದಲ್ಲಿ ಕೂತ ಹೆಂಡತಿಯ ಮುಖ ಕಾಣಲಿಲ್ಲ. ಅವಳು ಮಡಚಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚಿದಳು.

ಕಡ್ಡಿಯನ್ನು ಅಡುಗೆಮನೆಯ ಬಾಗಿಲಿನ ಪಕ್ಕದ ಮೊಳೆಗೆ ನೇತುಹಾಕುತ್ತಿದ್ದರು. ದಿನವೂ ಉಪ್ಪು ಒರೆಸಿ ಇಡುವುದು ಐಸಮ್ಮನೇ. ಆ ದಿನ ಅವಳಿಗೆ ಸಂಜೆಯ ಪಾಳಿ. “ಅಕ್ಕಾ, ಇವತ್ತೊಂದಿನ ಅದನ್ನ ಒರೆಸಿಡ್ತೀರಾ?” ಎಂದು ಹೇಳಿ ಹೋಗಿದ್ದಳು. ಹಗೆಯನ್ನು ಕೈಗೇ ಕೊಟ್ಟು ಹೋದ ಹಾಗಾಯಿತು. ದೊಡ್ಡ ಸೊಸೆ ಒದ್ದೆ ಬಟ್ಟೆಯಿಂದ ಹಲಗೆ ಒರೆಸುವಾಗ ಗಾಜಿನ ಕಡ್ಡಿ ತಂತಿಯೊಳಗೆ ಕೊಂಚ ಜರುಗಿತು. ಅವಳು ನಿಂತಳು. ಆಮೇಲೆ ಹೆಬ್ಬೆರಳು ಒತ್ತಿ ಇನ್ನೂ ಜರುಗಿಸಿದಳು. ಕೆಂಪು ಗೆರೆಯ ತುದಿ ಎರಡು ಅಂಕಿ ಮೇಲೆ ಹೋಗಿ ನಿಂತಿತು. ಮೇಲಕ್ಕೆ ದೂಡಿದರೆ ಏನು, ಕೆಳಕ್ಕೆ ದೂಡಿದರೆ ಏನು ಎಂದೆಲ್ಲ ಅವಳು ಯೋಚಿಸಲಿಲ್ಲ. ಒಂದು ದಿನ ದೋಣಿ ಬರಿದಾಗಿ ಬರಲಿ. ಒಂದೇ ಒಂದು ದಿನ. ಅವಳ ಅಂಕಿ ಸುಳ್ಳಾಗಲಿ. ಇವರು ಬಕೆಟ್ ಬಿಸಾಡಿ ಮೂತಿಯ ಮೇಲೆ ಹತ್ತಿ ನಿಲ್ಲಲಿ. ಇಷ್ಟೇ ಅವಳಿಗೆ ಬೇಕಾಗಿದ್ದು. ತಂತಿ ಬಿಗಿಮಾಡಿ ಕಡ್ಡಿಯನ್ನು ಮೊಳೆಗೆ ಹಾಕಿ, ಅಕ್ಕಿ ತೊಳೆಯಲು ಹೋದಳು.

ಮುಂಜಾನೆ ಅಣ್ಣತಮ್ಮಂದಿರು ಇಬ್ಬರು ಕೂಲಿಯವರ ಜೊತೆ ಹೊರಟರು. ಒಂದು ದಿನದ ನೀರು, ಒಂದು ದಿನದ ಬುತ್ತಿ, ಒಂದು ದಿನದ ಡೀಸೆಲ್. ಮಧ್ಯಾಹ್ನ ಮೂರಕ್ಕೆ ಬರಬೇಕಾದವರು ಸಂಜೆಯಾದರೂ ಬರಲಿಲ್ಲ. ಫೋನು ‘ವ್ಯಾಪ್ತಿಯ ಹೊರಗಿದ್ದಾರೆ’ ಎಂದಿತು. ಮರುದಿನ ಬೆಳಿಗ್ಗೆಯೂ ಅದನ್ನೇ ಹೇಳಿತು.

ಎರಡನೆಯ ದಿನ ಮಾವ ಮೊಣಕಾಲು ಎಳೆದುಕೊಂಡು ಬಂದರಿನ ಆಫೀಸಿಗೆ ಹೋಗಿ ಬಂದರು. ಹುಡುಕಲು ಎರಡು ದೋಣಿ ಕಳಿಸುತ್ತಾರಂತೆ, ಎಲ್ಲಿ ಹುಡುಕಬೇಕು ಎಂದು ಕೇಳಿದ್ದಾರೆ. ಐಸಮ್ಮ ನೋಟ್‌ಬುಕ್ ಬಿಚ್ಚಿದಳು. “ಇಪ್ಪತ್ತೆಂಟು ಸಿಗೋದು ದೀಪಸ್ತಂಭದಿಂದ ಸ್ವಲ್ಪ ಮುಂದೆ, ಇಷ್ಟರಲ್ಲೇ. ಅದಕ್ಕಿಂತ ಮುಂದೆ ಹೋಗೋ ಕಾರಣವೇ ಇಲ್ಲ ಮಾವ. ಅಲ್ಲೇ ಎಲ್ಲೋ ಎಂಜಿನ್ ಕೆಟ್ಟು ನಿಂತಿರ್ತಾರೆ. ಅಲ್ಲೇ ಹುಡುಕೋಕೆ ಹೇಳಿ.”

ಒಲೆಯ ಮುಂದೆ ಇದ್ದ ದೊಡ್ಡ ಸೊಸೆಗೆ ಆಗ ಲೆಕ್ಕ ಹೊಳೆಯಿತು. ಅಲ್ಲಿ ಇಪ್ಪತ್ತೆಂಟು ಇದ್ದರೆ ಕಡ್ಡಿ ತೋರಿಸುವುದು ಮೂವತ್ತು. ‘ಇಪ್ಪತ್ತೆಂಟು ಬರೋವರೆಗೂ ಹೋಗಿ’ ಎಂದು ಇವಳೇ ಹೇಳಿದ್ದಾಳೆ. ಅವರು ಹೋಗುತ್ತಲೇ ಇರುತ್ತಾರೆ. ದೀಪಸ್ತಂಭ ದಾಟಿ, ಅದರಾಚೆ, ಇನ್ನೂ ಆಚೆ. ಹುಡುಕುವವರು ಒಂದು ಕಡೆ, ಕಳೆದುಹೋದವರು ಇನ್ನೊಂದು ಕಡೆ. ಹೇಳಿದರೆ ಮನೆಯಿಂದ ಹೊರಗೆ. ಹೇಳದಿದ್ದರೆ ಗಂಡ ನೀರುಪಾಲು. ಅತ್ತ ದರಿ, ಇತ್ತ ಪುಲಿ. “ಮಾವ...” ಎಂದಳು.

“ಏನು?”

ಅದೇ ಹೊತ್ತಿಗೆ ಅತ್ತೆಯ ಬಾಯಿ ಐಸಮ್ಮನ ಮೇಲೆ ಹರಿಯಿತು. “ಎಲ್ಲಾ ನಿನ್ನಿಂದ! ಬೋಳುಬಂಡೆ ಹತ್ತಿರ ಮೀನು ಸಿಗದಿದ್ರೆ ಸಿಗದಿರಲಿ, ಮಕ್ಕಳು ಊಟದ ಹೊತ್ತಿಗೆ ಮನೆಗೆ ಬರ್ತಿದ್ರು. ಕಡ್ಡಿ ಹಿಡ್ಕೊಂಡು ಬಂದ್ಲು, ಮಹಾ ಪಂಡಿತೆ! ನನ್ನ ಇಬ್ಬರನ್ನೂ ಒಟ್ಟಿಗೆ ಕಳಿಸಿಬಿಟ್ಟೆ.”

“ನನ್ನ ಲೆಕ್ಕ ತಪ್ಪಾಯ್ತೇನೋ ಅತ್ತೆ,” ಎಂದು ಐಸಮ್ಮ ನೆಲದ ಮೇಲೆ ಕುಸಿದು ಕೂತಳು. “ನಾನೇ ತಪ್ಪು ಮಾಡಿದೆನೇನೋ.”

“ಚಿಕ್ಕಮ್ಮನ ಗಂಡನೂ ಅದೇ ದೋಣಿಯಲ್ಲಿದ್ದಾರೆ ಅಜ್ಜಿ!” ಎಂದು ಹುಡುಗಿ ಅಳುತ್ತಲೇ ಕೂಗಿದಳು.

ದೊಡ್ಡ ಸೊಸೆ ಹೇಳಲು ಬಂದದ್ದನ್ನು ಅಲ್ಲಿಗೇ ಬಿಟ್ಟಳು. ನೆಲದ ಮೇಲೆ ಕೂತ ವಾರಗಿತ್ತಿಯನ್ನು ನೋಡಿದಳು. ಇದನ್ನು ಬರೆಯಲು ನನಗೇ ನಾಚಿಕೆ, ಆದರೆ ನಡೆದದ್ದು ನಡೆದ ಹಾಗೆ ಹೇಳಬೇಕು: ಆ ಭಯದ ನಡುವೆಯೂ ಅವಳ ನಾಲಗೆಗೆ ಒಂದು ಸಿಹಿ ತಾಗಿತು. ಮೂರು ವಾರದಲ್ಲಿ ಮೊದಲ ಸಲ ಬೈಗುಳ ಸರಿಯಾದ ವಿಳಾಸಕ್ಕೆ ಹೋಗಿತ್ತು.

“ಏನೋ ಹೇಳೋಕೆ ಬಂದೆಯಲ್ಲ?” ಎಂದರು ಮಾವ.

“ಏನಿಲ್ಲ. ಗಂಜಿ ಆರುತ್ತಿದೆ, ಬಡಿಸ್ಲಾ ಅಂತ.”

ಹುಡುಕಲು ಹೋದ ದೋಣಿಗಳು ದೀಪಸ್ತಂಭದ ಸುತ್ತ ಸುತ್ತಿ ಸಂಜೆ ಬರಿಗೈಯಲ್ಲಿ ಬಂದವು. ದೊಡ್ಡ ಸೊಸೆ ಎರಡು ಸಲ ಮಾವನ ಮುಂದೆ ಹೋಗಿ ನಿಂತಳು. ಒಂದು ಸಲ ನೀರು ಬೇಕಾ ಎಂದು ಕೇಳಿದಳು, ಇನ್ನೊಂದು ಸಲ ದಿಂಬು ಸರಿಮಾಡಿದಳು. ಮೂರನೆಯ ದಿನ ಬೆಳಿಗ್ಗೆ, ಏನಾದರಾಗಲಿ ಹೇಳಿಯೇ ಬಿಡುತ್ತೇನೆ ಎಂದು ಕೊಡ ಕೆಳಗಿಟ್ಟಾಗ ದರ್ಜಿಯ ಹೆಂಡತಿ ಬೀದಿಯ ಆ ತುದಿಯಿಂದ ಓಡಿಬಂದಳು. “ಬಂದ್ರು! ಬಂದ್ರಮ್ಮಾ! ಯಾವುದೋ ದೊಡ್ಡ ದೋಣಿ ಹಗ್ಗ ಕಟ್ಟಿ ಎಳ್ಕೊಂಡು ಬರ್ತಿದೆ. ನೀರಿನ ಮಟ್ಟಕ್ಕೆ ಮುಳುಗಿದೆ, ಅಷ್ಟು ಮೀನು!”

ನಡೆದದ್ದು ಇಷ್ಟು. ಕಡ್ಡಿ ಎಲ್ಲಿ ಅದ್ದಿದರೂ ಮೂವತ್ತು, ಮೂವತ್ತು ಎನ್ನುತ್ತಲೇ ಇತ್ತು. ‘ವಾಪಸ್ ಹೋಗೋಣ’ ಎಂದು ಕೂಲಿಯವರು ಅಂದರೆ, ‘ಅವಳು ಹೇಳಿದ್ದು ಇಲ್ಲಿಯವರೆಗೂ ಸುಳ್ಳಾಗಿಲ್ಲ’ ಎಂದು ಹದ್ದೇ ಮುಂದೆ ಹೋಗಲು ಹೇಳಿದ. ಅವರಾರೂ ಹಿಂದೆಂದೂ ನೋಡದ ನೀರಿನಲ್ಲಿ ಕೊನೆಗೂ ಕೆಂಪು ಗೆರೆ ಇಪ್ಪತ್ತೆಂಟಕ್ಕೆ ಇಳಿಯಿತು. ಬಲೆ ಬಿಟ್ಟರೆ, ಎಳೆಯಲು ನಾಲ್ವರ ತೋಳು ಸಾಲದಷ್ಟು ಬಂಗುಡೆ. ಹಿಂದಿರುಗುವಾಗ ಡೀಸೆಲ್ ಮುಗಿಯಿತು. ಒಂದು ಹಗಲು, ಒಂದು ರಾತ್ರಿ ತೇಲುತ್ತ ಕಳೆದರು. ಕುಡಿಯುವ ನೀರು ಮೊದಲೇ ಮುಗಿದಿತ್ತು. ಮೀನಿಗೆ ಹಾಕಿದ್ದ ಐಸನ್ನೇ ಚೀಪಿದರು. ಬೇರೆ ಬಂದರಿನ ದೋಣಿಯೊಂದು ಕಂಡಿರದಿದ್ದರೆ ಈ ಕತೆಗೆ ಊಟದ ಭಾಗ ಇರುತ್ತಿರಲಿಲ್ಲ.

ಆ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತರು. ಅಣ್ಣತಮ್ಮಂದಿರಿಬ್ಬರ ತುಟಿಯೂ ಸೀಳಿತ್ತು, ಕಣ್ಣು ಒಳಗೆ ಹೋಗಿತ್ತು. ಕಿರಿಯವನು, ಮೈಗೆ ಹಚ್ಚಿದ ಎಣ್ಣೆಯ ವಾಸನೆ ಹೊಡೆಯುತ್ತ, ಟವೆಲಿನಲ್ಲಿ ಸುತ್ತಿ ತಂದಿದ್ದ ಕಡ್ಡಿಯನ್ನು ಮೊಳೆಗೆ ಹಾಕಿದ. “ಇದನ್ನ ಇನ್ನು ದೇವರ ಹಾಗೆ ಇಟ್ಕೋಬೇಕು,” ಎಂದ.

“ಯಾರಿಗೂ ಗೊತ್ತಿಲ್ಲದ ಜಾಗಪ್ಪ ಅದು,” ಎಂದ ಹದ್ದು. “ಈ ವರ್ಷದ ಬಂಗುಡೆಯೆಲ್ಲ ಅಲ್ಲಿ ಕೂತಿದೆ. ನನ್ನ ಕಣ್ಣು ಇನ್ನು ನೂರು ವರ್ಷ ನೋಡಿದ್ರೂ ಸಿಗ್ತಿರಲಿಲ್ಲ. ಇವಳು ಇಲ್ಲಿ ಕೂತೇ ತೋರಿಸಿದ್ಲು.”

ನಿನ್ನೆ ಬೈದ ಅತ್ತೆ ಈಗ ಐಸಮ್ಮನ ತಲೆ ಸವರಿದರು. “ಹೊಟ್ಟೆ ಉರಿಗೆ ಏನೇನೋ ಅಂದೆ ಮಗಳೇ. ಮನಸ್ಸಿಗೆ ಹಚ್ಕೋಬೇಡ. ನಿನ್ನಂಥವಳು ಈ ಮನೆಗೆ ಬಂದದ್ದು ನಮ್ಮ ಪುಣ್ಯ.” ಆಮೇಲೆ ಬಾಣಲೆ ಎತ್ತಿಕೊಂಡರು. ಅದರಲ್ಲಿದ್ದದ್ದು ಆ ಮನೆ ಹಿಂದೆಂದೂ ಹುರಿಯದಷ್ಟು ದೊಡ್ಡ ಬಂಗುಡೆ. ಅದು ಸೀದಾ ಐಸಮ್ಮನ ತಟ್ಟೆಯ ಕಡೆಗೆ ಹೊರಟಿತು.

“ಅವಳಲ್ಲ!”

ಯಾರು ಕೂಗಿದ್ದು ಎಂದು ದೊಡ್ಡ ಸೊಸೆಗೇ ಒಂದು ಗಳಿಗೆ ತಿಳಿಯಲಿಲ್ಲ. ಎಲ್ಲರೂ ತನ್ನನ್ನೇ ನೋಡಿದಾಗ ತಿಳಿಯಿತು.

“ಅವಳಲ್ಲ ತೋರಿಸಿದ್ದು. ಅವಳ ಲೆಕ್ಕದಲ್ಲಿ ಹೋಗಿದ್ರೆ ದೀಪಸ್ತಂಭದ ಹತ್ತಿರ ನಿಂತಿರ್ತಿದ್ರಿ. ಮುಂದೆ ಕಳಿಸಿದ್ದು ನಾನು. ಆ ಕಡ್ಡೀನ ಎರಡು ಅಂಕಿ ಮೇಲೆ ದೂಡಿದ್ದು ನಾನು. ಈ ಹೆಬ್ಬೆರಳಲ್ಲಿ!”

ಬಾಣಲೆ ಅತ್ತೆಯ ಕೈಯಲ್ಲಿ ಹಾಗೇ ನಿಂತಿತು. ತಮ್ಮ ನಕ್ಕ, ತಮಾಷೆ ಎಂದುಕೊಂಡಿದ್ದ. ಮಾವ ನಗಲಿಲ್ಲ. ಮೀನಿನ ಬುಟ್ಟಿಯಿಂದ ಒಂದು ಲೋಟ ಐಸ್ ತರಲು ಮೊಮ್ಮಗಳಿಗೆ ಹೇಳಿದರು. ಐಸಮ್ಮ ಅದಕ್ಕೆ ನೀರು ಹೊಯ್ದು ಕಡ್ಡಿಯನ್ನು ಇಳಿಬಿಟ್ಟಳು. ಕರಗುವ ಐಸಿನಲ್ಲಿ ಸೊನ್ನೆ ತೋರಿಸಬೇಕು ಎಂದು ಆ ಮನೆಯಲ್ಲಿ ಈಗ ಎಲ್ಲರಿಗೂ ಗೊತ್ತಿತ್ತು. ಕೆಂಪು ಗೆರೆ ಇಳಿಯಿತು, ಇಳಿಯಿತು, ಎರಡಕ್ಕೆ ಬಂದು ನಿಂತುಬಿಟ್ಟಿತು.

“ಹಾಗಾದ್ರೆ ಅಲ್ಲಿದ್ದದ್ದು ಇಪ್ಪತ್ತಾರು,” ಎಂದಳು ಐಸಮ್ಮ ಮೆಲ್ಲಗೆ. “ಈ ಮೂರು ವಾರದಲ್ಲಿ ಮೀನುಗಳು ಇನ್ನೂ ತಣ್ಣಗಿರೋ ನೀರಿಗೆ ಹೋಗಿಬಿಟ್ಟಿವೆ.” ಅವಳ ಕೈ ತಾನಾಗಿ ಪೆನ್ಸಿಲ್ ಹುಡುಕಿತು. ಅರ್ಧಕ್ಕೆ ನಿಂತಿತು. ಅವಳು ತಲೆಯೆತ್ತಿ ಗಂಡನ ಸೀಳಿದ ತುಟಿಯನ್ನು ನೋಡಿದಳು. “ಅಕ್ಕಾ, ಇವರು ಐಸ್ ಚೀಪಿದ್ದಾರೆ,” ಎಂದಳು.

“ಯಾಕೆ ಮಾಡಿದೆ?” ಎಂದ ಹದ್ದು.

“ನಿಮಗೋಸ್ಕರ. ನೀವು ಬಕೆಟ್ ಹಿಡ್ಕೊಂಡು ಕೂತಿದ್ದು ನೋಡೋಕಾಗಲಿಲ್ಲ. ಒಂದಿನ ಬರಿಗೈಲಿ ಬರ್ತೀರಿ, ಆಮೇಲೆ ಎಲ್ಲಾ ಮೊದಲಿನ ಹಾಗಾಗುತ್ತೆ ಅಂದ್ಕೊಂಡೆ. ಇಷ್ಟು ದೂರ ಹೋಗ್ತೀರಿ ಅಂತ ಗೊತ್ತಿರಲಿಲ್ಲ.”

“ಗೊತ್ತಾದದ್ದು ಯಾವಾಗ?” ಎಂದು ಮಾವ ಕೇಳಿದರು. ಅವರ ದನಿ ಏರಲೇ ಇಲ್ಲ.

ಅವಳು ಹೆಬ್ಬೆರಳಿನಿಂದ ತಟ್ಟೆಯ ಅಂಚು ಒರೆಸಿದಳು.

“ನಾನು ಹೇಳ್ತೀನಿ. ಎಲ್ಲಿ ಹುಡುಕಬೇಕು ಅಂತ ನಾವು ನೋಟ್‌ಬುಕ್ ನೋಡ್ತಿದ್ದಾಗ ಗೊತ್ತಾಯ್ತು. ‘ಮಾವ’ ಅಂದೆ, ಆಮೇಲೆ ‘ಗಂಜಿ ಆರುತ್ತಿದೆ’ ಅಂದೆ. ನಿನ್ನೆ ಬಾಯಿ ಬಿಟ್ಟಿದ್ರೆ ದೋಣಿಗಳು ಇನ್ನೂ ಮುಂದೆ ಹೋಗಿ ಸಂಜೆಗೇ ಇವರನ್ನ ತರ್ತಿದ್ವು. ಇವಳು ನೆಲದ ಮೇಲೆ ಕೂತು ‘ನನ್ನ ತಪ್ಪು’ ಅಂತ ಅಳ್ತಿದ್ಲು. ಅವಳ ಮೇಲೆ ತಪ್ಪು ಬಿದ್ದಾಗ ಬಾಯಿಗೆ ಬೀಗ ಹಾಕ್ಕೊಂಡೆ. ಅವಳ ತಟ್ಟೆಗೆ ಮೀನು ಹೊರಟಾಗ ಬೀಗ ತಾನೇ ಬಿಚ್ಚಿಕೊಂಡಿತು. ಅಲ್ವೇನಮ್ಮ?”

ದೊಡ್ಡ ಸೊಸೆ ನೆಲ ನೋಡುತ್ತ ಕೂತಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಹೊಡೆದಿದ್ದರೆ ಅಳಬಹುದಿತ್ತು. ಮಾವ ಎರಡನ್ನೂ ಮಾಡಲಿಲ್ಲ. ಹೆಂಡತಿಯ ಕೈಯಿಂದ ಬಾಣಲೆ ತೆಗೆದುಕೊಂಡು, ಮೊಣಕಾಲು ಹಿಡಿದುಕೊಂಡು ಎದ್ದು, ಎರಡು ಹೆಜ್ಜೆ ನಡೆದು ಬಂದು ಅವಳ ತಟ್ಟೆಗೆ ಆ ಮೀನನ್ನು ಇಳಿಸಿದರು. ತಲೆ ಬಾಲ ಸಮೇತ, ಇಡೀ ಮೀನು.

“ತೋರಿಸಿದ ಕೈಗೆ ಮೊದಲ ಮೀನು. ನನ್ನಪ್ಪ ಮಾಡಿದ ಕಟ್ಟಳೆ, ಮುರಿಯೋಕೆ ನಾನ್ಯಾರು? ತಿನ್ನು.”

“ಮಾವ, ಬೇಡ...”

“ಮಾಡಿದ್ದುಣ್ಣೋ ಮಹರಾಯ ಅಂತಾರೆ,” ಎಂದರು ಅತ್ತೆ, ಹಿಂದಿನಿಂದ. “ಉಣ್ಣು.”

ಯಾರೂ ತಮ್ಮ ಅನ್ನಕ್ಕೆ ಕೈ ಹಾಕಲಿಲ್ಲ. ಮಗಳು ತಟ್ಟೆ ಎತ್ತಿಕೊಂಡು ಚಿಕ್ಕಮ್ಮನ ಪಕ್ಕಕ್ಕೆ ಹೋಗಿ ಕೂತಳು. ದೊಡ್ಡ ಸೊಸೆ ಮೀನನ್ನು ನಡುವೆ ಮುರಿದಳು. ಹದಿನೆಂಟು ವರ್ಷ ನೋಡಿ ನೋಡಿ ಕೈಗೆ ಬಂದ ಅಭ್ಯಾಸ. ಅರ್ಧವನ್ನು ಎತ್ತಿ ಗಂಡನ ತಟ್ಟೆಯ ಕಡೆ ಚಾಚಿದಳು.

ಹದ್ದು ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ. ಸಿಟ್ಟಿನಿಂದಲ್ಲ, ಮೆಲ್ಲಗೆ, ಯಾರೋ ಹೊರಗಿನವರು ಬಡಿಸಲು ಬಂದಾಗ ಸಾಕು ಎನ್ನುವ ಹಾಗೆ.

“ನೀನೇ ತಿನ್ನು,” ಎಂದ. “ಪೂರ್ತಿ ನಿಂದೇ.”

ಚಾಚಿದ ಕೈಯನ್ನು ಅವಳು ಹಿಂದಕ್ಕೆ ತಂದಳು. ಎದುರಿಗೆ ಐಸಮ್ಮನ ಕಣ್ಣು ಆ ಮೀನಿನ ಮೇಲೇ ಇತ್ತು. ಮೂರು ವಾರ ದೊಡ್ಡ ಸೊಸೆ ಅವಳ ತಟ್ಟೆಯನ್ನು ಹೇಗೆ ನೋಡಿದ್ದಳೋ ಹಾಗೇ ಈಗ ಅವಳು ಇವಳ ತಟ್ಟೆಯನ್ನು ನೋಡುತ್ತಿದ್ದಳು. ಮೊನ್ನೆಯವರೆಗೂ ಆ ನೋಟಕ್ಕಾಗಿ ಇವಳು ಏನು ಬೇಕಾದರೂ ಕೊಡುತ್ತಿದ್ದಳು. ಈಗ ತಲೆ ತಗ್ಗಿಸಿ ಮೊದಲ ಅರ್ಧ ತಿಂದಳು, ಆಮೇಲೆ ಎರಡನೆಯ ಅರ್ಧ. ತಾನೇ ಹಚ್ಚಿದ ಉಪ್ಪು ಹೆಚ್ಚಾಗಿತ್ತೋ ಕಡಿಮೆಯಾಗಿತ್ತೋ ಅವಳಿಗೆ ತಿಳಿಯಲಿಲ್ಲ.